ಕುಸುಮಾಳ ನಡಿಗೆ

ನನ್ನ ನಡಿಗೆಯನ್ನು ನಾನು ಮೊದಲ ಸಲ ಪೂರ್ತಿ ನೋಡಿದ್ದು ಟಿವಿಯಲ್ಲಿ, ಒಂದು ಭಾನುವಾರ ಮಧ್ಯಾಹ್ನ, ಅನ್ನಕ್ಕೆ ಸಾರು ಕಲಸುತ್ತಾ. ನಡೆಯುತ್ತಿದ್ದವನು ಕೊಟ್ರೇಶ್. ಸೀರೆ ಉಟ್ಟಿದ್ದ, ಮಲ್ಲಿಗೆ ಮುಡಿದಿದ್ದ, ಕೈಯಲ್ಲಿ ಕಾಫಿ ಲೋಟಗಳ ತಟ್ಟೆ. ಹೆಣ್ಣು ನೋಡಲು ಬಂದವರ ಮುಂದೆ ಕುಂಟುತ್ತಾ ಬರುವ ಕುಸುಮಾ ಅವನ ಪಾತ್ರ.

ಆ ಕಾಮಿಡಿ ಶೋಗೆ ಅವನು ಸೆಲೆಕ್ಟ್ ಆದಾಗ ಅವನಿಗಿಂತ ಹೆಚ್ಚು ಕುಣಿದವಳು ನಾನು. ಕಾಲಲ್ಲಿ ಅಲ್ಲ, ಮನಸ್ಸಿನಲ್ಲಿ. ಅದಕ್ಕೇ ಅಕ್ಕಪಕ್ಕದ ಮನೆಯವರನ್ನೂ ಕರೆದು ಟಿವಿ ಮುಂದೆ ಕೂರಿಸಿದ್ದೆ. ನನ್ನ ಬುದ್ಧಿಗಿಷ್ಟು.

ನನ್ನ ಎಡಗಾಲು ಸಣ್ಣದು. ಚಿಕ್ಕವಳಿದ್ದಾಗ ಪೋಲಿಯೋ ಆಗಿತ್ತು. ಎಡಗೈಯನ್ನು ತೊಡೆಗೆ ಒತ್ತಿ, ಸೊಂಟ ಎತ್ತಿ ಹೆಜ್ಜೆ ಹಾಕುತ್ತೇನೆ. ಜನ ನನ್ನ ಕಾಲು ನೋಡುವುದು ನನ್ನ ಕಣ್ಣಿಗೆ ಬೀಳದಿರಲಿ ಅಂತ ಗದ್ದ ಮೇಲೆತ್ತಿ ನಡೆಯುವುದು ನನ್ನ ಚಟ. ನಡುನಡುವೆ ನಿಂತು ಸೆರಗು ಸರಿ ಮಾಡಿಕೊಳ್ಳುತ್ತೇನೆ. ಸರಿ ಮಾಡುವಂಥದ್ದು ಏನೂ ಇರುವುದಿಲ್ಲ, ಉಸಿರು ತೆಗೆದುಕೊಳ್ಳಲು ಅದೊಂದು ನೆಪ.

ಕುಸುಮಾ ಗದ್ದ ಎತ್ತಿದಳು. ನಿಂತು ಸೆರಗು ಸರಿ ಮಾಡಿಕೊಂಡಳು. ಗಂಡಿನ ಕಡೆಯ ಅಜ್ಜ "ಬಾಗಿಲತನಕ ನಡೆದು ತೋರ್ಸಮ್ಮ" ಅಂದ. ಕಾಫಿ ಅವನ ಪಂಚೆಯ ಮೇಲೆ ಚೆಲ್ಲಿತು. ಜಡ್ಜ್ ಕುರ್ಚಿಯಲ್ಲಿ ಕೂತವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ನಮ್ಮ ಮನೆಯಲ್ಲೂ ಮೊದಲು ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನನ್ನ ಕಡೆ ನೋಡಿ ಸುಮ್ಮನಾದರು. ಅವ್ವ ಟಿವಿ ಆರಿಸಲು ರಿಮೋಟಿಗೆ ಕೈಹಾಕಿ, ಗಡಿಬಿಡಿಯಲ್ಲಿ ವಾಲ್ಯೂಮ್ ಜಾಸ್ತಿ ಮಾಡಿಬಿಟ್ಟಳು.

ಕೊಟ್ರೇಶ್ ಯಾರು ಅಂತ ಹೇಳಬೇಕಲ್ಲ. ನಮ್ಮದು ಗೋವಿನಕೋವಿ, ನನ್ನ ಬ್ಲೌಸ್ ಹೊಲಿಯುವ ಅಂಗಡಿ ಹೊನ್ನಾಳಿ ಬಸ್ ಸ್ಟ್ಯಾಂಡಿನ ಹತ್ತಿರ. ದಿನಾ ಹೋಗಿಬರುವ ಪ್ರೈವೇಟ್ ಬಸ್ಸಿಗೆ ಅವನು ಕಂಡಕ್ಟರ್. ಜಗಳೂರು ಕಡೆಯ ಸೊಕ್ಕೆಯವನು. ನಾನು ದೂರದಲ್ಲಿ ಕಂಡರೆ ಸಾಕು, ಬಸ್ಸಿನ ಮೈ ಬಡಿದು ನಿಲ್ಲಿಸುತ್ತಿದ್ದ. ಡ್ರೈವರ್ ಗೊಣಗಿದರೂ ನಾನು ಸೀಟಿನಲ್ಲಿ ಕೂರುವವರೆಗೆ ರೈಟ್ ಅನ್ನುತ್ತಿರಲಿಲ್ಲ.

ಮೊದಲ ದಿನ "ಕೈ ಕೊಡ್ಲೇನ್ರೀ?" ಅಂತ ಕೇಳಿದ. ಬೇಡ ಅಂದೆ. ಮತ್ತೆಂದೂ ಕೇಳಲಿಲ್ಲ. ಬೇಡ ಅಂದರೆ ಬೇಡ ಅಂತ ಅರ್ಥ ಮಾಡಿಕೊಳ್ಳುವ ಗಂಡಸನ್ನು ನಾನು ನೋಡಿದ್ದು ಅದೇ ಮೊದಲು. ಅವನ ಪ್ರೀತಿಗೆ ಬಿದ್ದೆ.

ಟಿಕೆಟ್ ಹರಿಯುವಾಗ ನನ್ನ ಮುಖ ಒಂದನ್ನು ಬಿಟ್ಟು ಬಸ್ಸಿನ ಎಲ್ಲ ಮುಖಗಳನ್ನೂ ನೋಡುತ್ತಿದ್ದ. ಕಿವಿ ಮಾತ್ರ ಕೆಂಪಾಗಿರುತ್ತಿತ್ತು. ನಾನು ಇಳಿದು ಅಂಗಡಿಯ ಕಡೆ ಹೊರಟಾಗ ಫುಟ್‌ಬೋರ್ಡಿನ ಮೇಲೆ ನಿಂತು ನೋಡುತ್ತಿದ್ದ. ನಾನು ತಿರುಗಿ ನೋಡದೇ ಇದ್ದರೂ ಅದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು.

ಬಸ್ಸಿನಲ್ಲಿ ನಾವು 'ರೀ', ಫೋನಿನಲ್ಲಿ 'ನೀನು'. ಶೋ ಮುಗಿದ ಮೇಲೆ ತನ್ನ ಅವ್ವನನ್ನು ಕರೆದುಕೊಂಡು ನಮ್ಮ ಮನೆಗೆ ಬರುತ್ತೇನೆ ಅಂದಿದ್ದ. ಯಾರ ಮುಂದೆಯೂ ಇನ್ನು ನಡೆದು ತೋರಿಸುವುದಿಲ್ಲ ಅಂತ ನಾನು ಮೊದಲೇ ಹೇಳಿದ್ದೆ. ನೋಡಲು ಬಂದವರೆಲ್ಲ ನನ್ನನ್ನು ಬಾಗಿಲತನಕ ನಡೆಸಿಯೇ ಎದ್ದು ಹೋಗಿದ್ದರು. ಯಾರೂ ನಡಿ ಅನ್ನದಂತೆ ನೋಡಿಕೊಳ್ಳುತ್ತೇನೆ ಅಂತ ಅವನು ಮಾತು ಕೊಟ್ಟಿದ್ದ.

ಆ ಸಂಜೆ ಅವನದೇ ಫೋನ್ ಬಂತು. ದನಿಯಲ್ಲಿ ಖುಷಿ ತುಳುಕುತ್ತಿತ್ತು.

"ನೋಡಿದ್ಯಾ? ಹೆಂಗಿತ್ತು?"

"ನೋಡಿದ್ವಿ. ನೀವು ಯಾರನ್ನ ಮಾಡಿದ್ರಿ?"

"ಕುಸುಮಾನ. ಅದ್ಯಾಕೆ ನೀವು ತಾವು ಅಂತೀಯ?"

ಸಿಟ್ಟು ನೆತ್ತಿಗೇರಿದರೆ ನನಗೆ ಬಹುವಚನ ಬರುತ್ತದೆ. "ಎಡಗೈ ತೊಡೆ ಮ್ಯಾಲೆ ಇಡೋದು ಯಾರು, ಗದ್ದ ಎತ್ತೋದು ಯಾರು, ಸ್ವಲ್ಪ ಯೋಚನೆ ಮಾಡಿ ಹೇಳ್ರಿ" ಅಂದೆ.

ಅವನು ತಡವರಿಸುತ್ತಾ ಹೇಳಿದ. ಸ್ಕಿಟ್ ಬರೆದದ್ದು ಶೋದವರು. ಇವನು ಮೊದಲು ಎಲ್ಲರೂ ಮಾಡುವ ಹಾಗೆ ಕಾಲು ಮಡಚಿ ಕುಂಟಿದ. ನಿಜವಾದ ಕುಂಟು ಬೇಕು ಅಂತ ಡೈರೆಕ್ಟರ್ ಬೈದರಂತೆ.

"ನನ್ ಕಣ್ಣಾಗೆ ಇರೋದು ಒಂದೇ ನಡಿಗೆ, ಮೇಘಾ. ಕಾಲು ತಾನಾಗೇ ಹಂಗೆ ಹೋತು. ನಿಂದು ಅಂತ ಈಗ ನೀ ಕೇಳಿದ್ಮ್ಯಾಲೇ ಗೊತ್ತಾಗಿದ್ದು."

ಇಂಥವನನ್ನು ಏನು ಮಾಡಬೇಕು, ನೀವೇ ಹೇಳಿ. ನನ್ನನ್ನು ಇಷ್ಟು ಜತನದಿಂದ ನೋಡಿದವರು ಹುಟ್ಟಿದಾಗಿನಿಂದ ಯಾರೂ ಇಲ್ಲ. ಅದಕ್ಕಿಂತ ದೊಡ್ಡ ಪ್ರೀತಿಯ ಮಾತನ್ನು ನಾನು ಕೇಳಿಯೂ ಇಲ್ಲ. ಆದರೆ ಅದನ್ನು ಇಡೀ ಕರ್ನಾಟಕವನ್ನು ನಗಿಸಿದ ಮೇಲೆ ಹೇಳುತ್ತಿದ್ದಾನೆ. ಫೋನ್ ಇಟ್ಟು ಅತ್ತೆ. ಸಿಟ್ಟಿಗೇ ಹೆಚ್ಚು ಅತ್ತೆ.

ಆ ವಾರ ಹೊನ್ನಾಳಿಯಲ್ಲಿ ನನ್ನ ಹೆಸರು ಮೇಘಶ್ರೀ ಹೋಗಿ ಕುಸುಮಾ ಆಯಿತು. ಬಸ್ ಸ್ಟ್ಯಾಂಡಿನಲ್ಲಿ ಕಾಲೇಜಿನವರು ಮೊಬೈಲ್ ನೋಡುವುದು, ನನ್ನನ್ನು ನೋಡುವುದು, ಮತ್ತೆ ಮೊಬೈಲ್ ನೋಡುವುದು. ಅಳತೆ ಕೊಡಲು ಬಂದ ಒಬ್ಬರು, ಬೇಜಾರು ಮಾಡ್ಕೋಬೇಡಮ್ಮ, ಟಿವಿಯಲ್ಲಿ ಥೇಟ್ ನಿನ್ನಂಗೇ ಮಾಡ್ತಾರೆ ಅಂದರು. ಅವರ ಬ್ಲೌಸಿನ ಅಳತೆಯನ್ನು ಅರ್ಧ ಇಂಚು ಬಿಗಿ ಬರೆದುಕೊಂಡೆ. ಹೊಲಿಯುವಾಗ ಮನಸ್ಸಾಗದೆ ಆ ಅರ್ಧ ಇಂಚು ಮತ್ತೆ ಸಡಿಲ ಬಿಟ್ಟೆ.

ಮನೆಯಲ್ಲಿ ಅವ್ವನದು ಒಂದೇ ರಾಗ. ತಮಾಷೆಯನ್ನು ತಮಾಷೆ ಅಂತ ತಗೋಬೇಕು, ನಾಕು ಜನ ನಕ್ಕರೆ ನಿನ್ನ ಗಂಟೇನು ಹೋಯಿತು, ಹುಡುಗ ಒಳ್ಳೆಯವನು, ಕೈ ತಪ್ಪಿದರೆ ಇನ್ಯಾರು ಬರುತ್ತಾರೆ. ಆ ಕೊನೆಯ ಮಾತೇ ಅವಳ ನಿಜವಾದ ಮಾತು.

ಮುಂದಿನ ಶೂಟಿಂಗಿಗೆ ಮೊದಲು ಕೊಟ್ರೇಶ್ ಅಂಗಡಿಗೇ ಬಂದ. ಮುಖ ಅರಳಿತ್ತು. ಮಾರ್ಕ್ಸ್ ಕಾರ್ಡ್ ತೋರಿಸಲು ಬಂದ ಹುಡುಗನ ಹಾಗೆ ನಿಂತ.

"ಡೈರೆಕ್ಟರ್ ಹತ್ರ ಜಗಳ ಮಾಡಿ ಕಾಲು ತೆಗೆಸಿದೆ. ಇನ್ಮ್ಯಾಲೆ ಕುಸುಮಾ ಕುಂಟಲ್ಲ. ಅವ್ಳಿಗೆ ಮೆಳ್ಳಗಣ್ಣು."

ಕತ್ತರಿ ಕೆಳಗಿಟ್ಟೆ. ಕೈಯಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದಲ್ಲ ಅನ್ನಿಸಿತು.

"ಆ ಮೆಳ್ಳಗಣ್ಣಿನ ಹುಡುಗಿನೂ ಎಲ್ಲೋ ಒಂದು ಬಸ್ ಹತ್ತುತಾಳೆ, ಕೊಟ್ರೇಶ್" ಅಂದೆ.

ಅವನ ಮುಖ ಬಾಡಿತು. ಸುಳ್ಳು ಹೇಳಬಾರದು, ಆ ಬಾಡಿದ ಮುಖ ನೋಡಿ ನನಗೆ ಪಾಪ ಅನ್ನಿಸಿತು. ಹಣೆಯ ಮೇಲೆ ಬಿದ್ದ ಕೂದಲು ಸರಿಸಬೇಕು ಅನ್ನಿಸಿತು. ಸರಿಸಲಿಲ್ಲ.

"ಹಂಗಾದ್ರೆ ಯಾರನ್ನ ಇಟ್ಕೊಂಡು ನಗಸ್ಲಿ?" ಅಂತ ಕೇಳಿದ. ಕುಹಕಕ್ಕಲ್ಲ, ನಿಜವಾಗಿ ಗೊತ್ತಿಲ್ಲದೆ ಕೇಳಿದ.

ಬಸ್ಸಿನಲ್ಲಿ ಅವನು ದಿನಾ ನಗಿಸುತ್ತಿದ್ದದ್ದು ಬಸ್ಸಿನ ಓನರನ್ನು ಅಣಕಿಸಿ. ಕಲೆಕ್ಷನ್ ಕಡಿಮೆ ಬಂದ ದಿನ ಓನರ್ ಹೊಟ್ಟೆ ಸವರಿಕೊಳ್ಳುತ್ತಾ ಗುರುಗಳ ಪ್ರವಚನದ ದನಿಯಲ್ಲಿ ಬೈಯುವುದನ್ನು ಮಾಡಿ ತೋರಿಸಿದರೆ, ನಿಂತವರೂ ಕೂತವರೂ ಬಿದ್ದು ಬಿದ್ದು ನಗುತ್ತಿದ್ದರು. ಅದನ್ನೇ ಮಾಡು ಅಂದೆ.

"ಟಿವಿಯಾಗಾ? ಓನರಿಗೆ ಸಿಟ್ಟು ಬರ್ತೈತೆ."

"ನಮಗೆ ಬರಲ್ಲ ಅಂತ ನಿಂಗೆ ಯಾರು ಹೇಳಿದ್ರು?"

ಅವಳು ಕುಂಟಲಿ, ಮೆಳ್ಳಗಣ್ಣು ಮಾಡಲಿ, ನೀನು ಕುಸುಮಾ ಆಗಿರುವವರೆಗೆ ನಿನ್ನ ಅವ್ವನನ್ನು ನಮ್ಮ ಮನೆಗೆ ಕರೆದುಕೊಂಡು ಬರಬೇಡ ಅಂದೆ.

ಮುಂದಿನ ಭಾನುವಾರ ಟಿವಿ ಹಾಕಿದೆ. ಕುಸುಮಾ ಬಂದಳು. ಸೀರೆಯೊಳಗೆ ಇದ್ದವನು ಬೇರೆ ಯಾರೋ. ಆಮೇಲೆ ಗೊತ್ತಾಯಿತು, ಕುಸುಮಾ ಮಾಡಲ್ಲ ಅಂದದ್ದಕ್ಕೆ ಕೊಟ್ರೇಶನನ್ನು ಮನೆಗೆ ಕಳಿಸಿದ್ದರು, ಓನರ್ ಪಾತ್ರ ಯಾರಿಗೂ ಬೇಕಿರಲಿಲ್ಲ. ಈ ಹೊಸಬನಿಗೆ ಕಾಲನ್ನೂ ಕೊಟ್ಟಿದ್ದರು, ಕಣ್ಣನ್ನೂ ಕೊಟ್ಟಿದ್ದರು. ಅವನಿಗೆ ಕುಂಟಲು ಸಹ ಬರುತ್ತಿರಲಿಲ್ಲ, ಸುಮ್ಮನೆ ಕುಪ್ಪಳಿಸುತ್ತಿದ್ದ. ಆದರೂ ಜಡ್ಜ್ ಮೊದಲಿನಷ್ಟೇ ಕಣ್ಣೊರೆಸಿಕೊಂಡರು.

ಸೋಮವಾರ ಕೊಟ್ರೇಶ್ ಮತ್ತೆ ಫುಟ್‌ಬೋರ್ಡಿನ ಮೇಲಿದ್ದ. ನಾನು ಹತ್ತಿ ಕೂರುವಷ್ಟರಲ್ಲಿ ಹಿಂದಿನ ಸೀಟಿನಿಂದ, "ಒಂದ್ಸಲ ಕುಸುಮಾನ ಮಾಡಪ್ಪ ಕೊಟ್ರೇಶಾ" ಅಂತ ಕೂಗು ಬಂತು. "ಅದನ್ನ ಬಿಟ್ಟಾತು" ಅಂತಷ್ಟೇ ಅಂದು ಟಿಕೆಟ್ ಹರಿಯುತ್ತಾ ಬಂದ. ಟಿವಿ ಸ್ಟಾರಿಗೆ ಧಿಮಾಕು ಅಂತ ಯಾರೋ ಗೊಣಗಿದರು.

ನನ್ನ ಸೀಟಿನ ಹತ್ತಿರ ನಿಂತ. ಈ ಸಲ ಬೇರೆ ಯಾರ ಮುಖವನ್ನೂ ನೋಡಲಿಲ್ಲ, ನನ್ನದನ್ನೇ ನೋಡಿದ. ಕಣ್ಣು ಕೆಂಪಾಗಿತ್ತು.

"ಅಷ್ಟು ದೊಡ್ಡ ಚಾನ್ಸು ಬಿಟ್ಟೆ. ಆದ್ರೂ ಆ ಕುಸುಮಾ ಆಟ ನಿಲ್ಲಲಿಲ್ಲ ಮೇಘಾ" ಅಂದ. ತುಂಬಿದ ಬಸ್ಸಿನಲ್ಲಿ ಮೊದಲ ಸಲ ರೀ ಬಿಟ್ಟು ಹೆಸರು ಹಿಡಿದಿದ್ದ. ಪಕ್ಕದ ಹೆಂಗಸು ನನ್ನ ಕಡೆ ತಿರುಗಿದಳು.

"ನೀನು ನಿಲ್ಲಿಸಿದೆಯಲ್ಲ" ಅಂದೆ. "ಇಳಿದ ಮ್ಯಾಲೆ ಅಂಗಡಿತನಕ ನನ್ ಜೊತೆ ಬಾ."

ಹೊನ್ನಾಳಿಯಲ್ಲಿ ಇಳಿದೆವು. ಇಷ್ಟು ದಿನ ನನ್ನನ್ನು ಹಿಂದಿನಿಂದ ನೋಡಿದ್ದವನು ಒಂದು ದಿನವೂ ಪಕ್ಕದಲ್ಲಿ ನಡೆದಿರಲಿಲ್ಲ. ಹೊರಟ ಕೂಡಲೇ ಮುಂದೆ ಹೋಗಿಬಿಟ್ಟ. ನಾಚಿಕೊಂಡು ಹಿಂದೆ ಬಂದ. ಮತ್ತೆ ಮುಂದೆ ಹೋದ.

"ನನ್ನಂಗೆ ನಡಿಯಾಕೆ ಬರ್ತೈತೆ, ನನ್ ಜೊತೆ ನಡಿಯಾಕೆ ಬರಲ್ವಾ ನಿಂಗೆ?"

ಅವನು ನಗಲು ಹೋದ, ಆಗಲಿಲ್ಲ. "ಕಲಿಸ್ಕೊಡು" ಅಂದ.

ಟೀ ಅಂಗಡಿಯ ಮುಂದೆ ನಿಂತವರಲ್ಲಿ ಒಬ್ಬ, ನೋಡ್ರೋ ಕುಸುಮಾ ಗಂಡನ ಜೊತೆ ಬಂದಳು ಅಂದ. ಉಳಿದವರು ನಕ್ಕರು. ಕೊಟ್ರೇಶ್ ತೋಳೇರಿಸುತ್ತಾ ಆ ಕಡೆ ತಿರುಗಿದ. ಅವನ ಟಿಕೆಟ್ ಬ್ಯಾಗಿನ ಪಟ್ಟಿ ಹಿಡಿದು ಎಳೆದೆ. ಎಷ್ಟು ಜನರನ್ನು ಹೊಡೆಯುತ್ತೀಯ, ಅಂಗಡಿ ತೆಗೆಯಲು ಹೊತ್ತಾಯಿತು, ನಡಿ ಅಂದೆ.

ನಡೆದ. ಹಿಂದಿನಿಂದ ಡ್ರೈವರ್ ಹಾರನ್ ಹೊಡೆಯುತ್ತಲೇ ಇದ್ದ, ಕೊಟ್ರೇಶ್ ತಿರುಗಿ ನೋಡಲಿಲ್ಲ. ನನ್ನ ಹೆಜ್ಜೆ ಊರುವವರೆಗೆ ತನ್ನದನ್ನು ತಡೆದು, ತಪ್ಪಿ, ಮತ್ತೆ ತಡೆದು, ಬೆವರಿಕೊಂಡು ನಡೆದ. ನಾನು ನಿಂತು ಸೆರಗಿಗೆ ಕೈಹಾಕಿದಾಗ ಅವನೂ ನಿಂತ. ನೆಪ ಅಂತ ಅವನಿಗೆ ಗೊತ್ತಿತ್ತು. ಅದಕ್ಕೇ ಆ ದಿನ ಸೆರಗು ಮುಟ್ಟದೆ, ಅವನ ತೋಳು ಹಿಡಿದು ಉಸಿರು ತೆಗೆದುಕೊಂಡೆ.

ಟೀ ಅಂಗಡಿಯವರು ಇನ್ನೂ ನಗುತ್ತಿದ್ದರು. ನನ್ನ ಸಿಟ್ಟು ಇಳಿದಿರಲಿಲ್ಲ, ಈಗಲೂ ಇಳಿದಿಲ್ಲ. ಆ ಸಿಟ್ಟಿನಲ್ಲೇ ಅಂಗಡಿಯ ಬಾಗಿಲಲ್ಲಿ ಅವನಿಗೆ ಹೇಳಿದೆ, ಭಾನುವಾರ ನಿನ್ನ ಅವ್ವನನ್ನು ಕರೆದುಕೊಂಡು ಬಾ ಅಂತ.