ಮೂತಿ ಸವೆದ ಮೀನು

"ಇದು ಆ ಮೀನಲ್ಲ ಮೇಡಂ," ಎಂದ ಜಾಡಿಗಳನ್ನು ನೋಡಿಕೊಳ್ಳುವ ಜವಾನ ಕೊರಗ.

ಅವನ ಕೈಯಲ್ಲಿ ಗಾಜಿನ ಜಾಡಿ. ಒಳಗೆ ಕೆಡದಂತೆ ಫಾರ್ಮಲಿನ್‌ನಲ್ಲಿ ಮುಳುಗಿಸಿಟ್ಟ ಅಂಗೈಯಗಲದ ಮೀನು. ಚೀಟಿಯೂ ಸರಿಯಾಗಿಯೇ ಇತ್ತು. ಇನ್ಸ್‌ಪೆಕ್ಟರ್ ರಂಜನಾಗೆ ಯಾವ ತಪ್ಪೂ ಕಾಣಲಿಲ್ಲ.

"ನಿಮಗೆ ಹೇಗೆ ಗೊತ್ತು?"

"ಕಣ್ಣು ನೋಡಿ. ಮೂರು ವರ್ಷ ಇದರಲ್ಲಿದ್ದರೆ ಪೂರ್ತಿ ಬೆಳ್ಳಗಾಗ್ತದೆ. ಇದು ಹೊಸತು. ಸೋಮವಾರ ಸೋಮವಾರ ನಾನೇ ಮದ್ದು ತುಂಬಿಸುದಲ್ವಾ."

ಪರೇಲಿನ ಹಳೆಯ ಗಿರಣಿ ಕಟ್ಟಡದಲ್ಲಿದ್ದ ಆ ಖಾಸಗಿ ಕಡಲ ಸಂಶೋಧನಾ ಕೇಂದ್ರದಲ್ಲಿ ನಾನೂರು ಜಾಡಿಗಳಿದ್ದವು. ಹೆಸರು ಮಾಡಿದ್ದು ಈ ಒಂದೇ. ಅಟ್ಲಾಂಟಿಕ್ ಸಾಗರದ ಏಂಜೆಲ್ ಮೀನು ಮುಂಬೈ ಕಡಲಲ್ಲಿ ಸಿಕ್ಕಿದೆ ಎಂದು ವಿಜ್ಞಾನಿ ಸುಹಾಸ ಮೂರು ವರ್ಷದ ಹಿಂದೆ ವರದಿ ಬರೆದಿದ್ದ. ನಾಳೆ ಒಂದು ಸರ್ಕಾರಿ ಸಮಿತಿ ಅದರ ಹೊಟ್ಟೆ ಬಿಚ್ಚಿ ಪರೀಕ್ಷಿಸುವುದಿತ್ತು. ಇವತ್ತು ಆ ಮೀನೇ ಇಲ್ಲ ಎಂದು ಕೊರಗ ಪೊಲೀಸರಿಗೆ ದೂರು ಕೊಟ್ಟಿದ್ದ.

ಬಾಗಿಲ ಬಳಿ ನಿಂತಿದ್ದ ಸುಹಾಸ ಮೆಲ್ಲಗೆ ಹೇಳಿದ. "ಬಹುಶಃ ಕಳ್ಳತನವೇ ಆಗಿಲ್ಲ. ಇದು ನಮ್ಮ ಕಡಲಿನದೇ ಜಾತಿ. ಆಗ ನಾನೇ ತಪ್ಪು ಗುರುತಿಸಿರಬೇಕು."

"ಫೋಟೊ ಇಲ್ಲವೇ?"

"ವರದಿಯಲ್ಲಿ ಅಚ್ಚಾಗಿದ್ದು ಮಸುಕು. ಮೂಲ ಫೋಟೊ ಕಂಪ್ಯೂಟರಿನಲ್ಲಿ ಸಿಗುತ್ತಿಲ್ಲ."

ಕೋಣೆಗೆ ಎರಡೇ ಕೀಲಿ. ಒಂದು ಸುಹಾಸನ ಬಳಿ, ಇನ್ನೊಂದು ಕೊರಗನ ಬಳಿ. ತನಗೆ ಹೆಸರು ತಂದ ಮೀನನ್ನು ಯಾರು ತಾನೇ ಕದಿಯುತ್ತಾರೆ? ರಂಜನಾ ಕೊರಗನನ್ನು ಜೀಪು ಹತ್ತಿಸಿದಳು.

*

ಭಾಂಡುಪಿನ ಸಾಲುಮನೆಗಳ ಚಾಳಿನಲ್ಲಿ ಕೊರಗನ ಒಂದೇ ಕೋಣೆಯ ಮನೆಯನ್ನು ಪೊಲೀಸರು ಜಾಲಾಡಿದರು. ಪಾತ್ರೆಗಳು ಹೊರಗೆ ಬಂದವು. ಅವನ ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಕ್ಕಪಕ್ಕದವರೆಲ್ಲ ನೋಡಿದರು. ರಂಜನಾ ಹುಟ್ಟಿದ್ದೂ ಅಂಥದೇ ಚಾಳಿನಲ್ಲಿ, ಉಡುಪಿ ಕಡೆಯ ತಂದೆತಾಯಿಗೆ. ಅವಳು ಆ ಹೆಂಗಸಿನ ಕಡೆ ನೋಡಲಿಲ್ಲ.

ಏನೂ ಸಿಗಲಿಲ್ಲ.

ಇನ್ನೊಬ್ಬಳ ಮೇಲೂ ಅನುಮಾನವಿತ್ತು. ವರ್ಸೋವಾದಲ್ಲಿ ಮೀನು ಮಾರುವ ಮೋಹಿನಿ. ಗಂಡ ಅಂಗಾರನದು ಸಣ್ಣ ದೋಣಿ. ಹೋದ ವಾರ ಇವಳು ಕೇಂದ್ರಕ್ಕೆ ಬಂದು, ಆ ಮೀನನ್ನು ಕಡಲಿಗೆ ಬಿಸಾಡಿ ಎಂದು ಕೂಗಾಡಿದ್ದಳಂತೆ.

"ಸಿಟ್ಟಲ್ಲಿ ಕೂಗಾಡಿದ್ದು ಹೌದು," ಎಂದಳು ಮೋಹಿನಿ, ಬೊಂಬಿಲ್ ಮೀನಿನ ಮೇಲೆ ಮಂಜುಗಡ್ಡೆ ಹಾಕುತ್ತ. "ಕಾರ್ಖಾನೆಯವರು ಕಡಲಿಗೆ ಬಿಸಿನೀರು ಬಿಡ್ತಾರೆ, ಮೀನು ಇಲ್ಲದಾಗಿದೆ ಅಂತ ನಾವು ದೂರು ಕೊಟ್ಟೆವು. ಅವರ ವಕೀಲ ಈ ವರದಿ ತೋರಿಸಿದ. ಹೊರಗಿನ ಮೀನು ಬಂದು ನಿಮ್ಮ ಮೀನನ್ನು ತಿಂದಿದೆ, ನಮ್ಮ ನೀರಿನದಲ್ಲ ತಪ್ಪು ಅಂದ. ದೂರು ಬಿದ್ದುಹೋಯ್ತು."

"ಅದಕ್ಕೇ ಮೀನು ತೆಗೆದಿರಾ?"

"ಎಂತ ಮಾತಾಡ್ತೀರಿ ಮೇಡಂ? ತಿಂದಿದ್ದರೆ ಹೊಟ್ಟೆಯಲ್ಲಿ ಇರಬೇಕಲ್ವಾ, ಬಿಚ್ಚಿ ತೋರಿಸಿ ಅಂತ ಸಮಿತಿಗೆ ಅರ್ಜಿ ಕೊಟ್ಟದ್ದೇ ನಾನು. ಆ ಮೀನು ಇಲ್ಲದಿದ್ರೆ ನಷ್ಟ ಯಾರಿಗೆ?"

ರಂಜನಾ ಜೀಪಿನತ್ತ ನಡೆದಳು. ಜೀಪಿನಲ್ಲಿ ಕುಳಿತ ಮೇಲೂ ಆ ಪ್ರಶ್ನೆ ಬಿಡಲಿಲ್ಲ.

*

ಠಾಣೆಯ ಬೆಂಚಿನ ಮೇಲೆ ಕೊರಗ ಹಾಗೇ ಕುಳಿತಿದ್ದ. ಚಹಾ ಮುಟ್ಟಿರಲಿಲ್ಲ.

"ಜಾಡಿ ನೋಡಿ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಯಾಕೆ ಹೇಳಿದಿರಿ?"

"ಒಮ್ಮೆ ಸುಮ್ಮನಿದ್ದೆ ಮೇಡಂ. ಎರಡನೇ ಸಲ ಆಗ್ಲಿಲ್ಲ."

ಅವನು ಮೊಬೈಲ್ ತೆಗೆದು ಹಳೆಯ ಫೋಟೊ ತೋರಿಸಿದ. ಮೂರು ವರ್ಷದ ಹಿಂದೆ, ಮೀನು ಬಂದ ದಿನ, ಹೆಂಡತಿಗೆ ತೋರಿಸಲೆಂದು ತೆಗೆದದ್ದು. ಕಪ್ಪು ಮೈ, ಅಡ್ಡಕ್ಕೆ ಹಳದಿ ಪಟ್ಟೆ. ಜಾಡಿಯಲ್ಲಿರುವುದಕ್ಕೂ ಇದಕ್ಕೂ ಆಕಾರ ಮಾತ್ರ ಒಂದೇ, ಪಟ್ಟೆ ಬೇರೆಯೇ.

"ಇದರ ಮೂತಿ ನೋಡಿ, ಸವೆದಿದೆ. ಬಲೆಗೆ ಬಿದ್ದದ್ದಾದರೆ ಚಿಪ್ಪು ಕಿತ್ತುಹೋಗ್ತದೆ. ಮೂತಿ ಸವೆಯುದಿಲ್ಲ. ಅವತ್ತೇ ಸರ್ ಹತ್ರ ಹೇಳಿದೆ. ನಿನಗೆ ಗೊತ್ತಾಗಲ್ಲ ಬಿಡು ಅಂದ್ರು. ಬಿಟ್ಟೆ."

"ಬೆಳಿಗ್ಗೆ ಯಾಕೆ ತೋರಿಸಲಿಲ್ಲ?"

"ಸರ್ ಅಲ್ಲೇ ನಿಂತಿದ್ರು. ಒಳ್ಳೆಯವರು ಮೇಡಂ ಅವರು."

*

ಬಲೆಯಲ್ಲಿ ಸವೆಯದ ಮೂತಿ ಗಾಜಿಗೆ ತಿಕ್ಕಿ ಸವೆದಿರಬಹುದೇ? ಉಪ್ಪುನೀರಿನ ಅಕ್ವೇರಿಯಂ ಮಾಡುವವರು ಮುಂಬೈಯಲ್ಲಿ ಹೆಚ್ಚಿಲ್ಲ. ನಾಲ್ಕನೆಯ ವಿಳಾಸ ಜೋಗೇಶ್ವರಿಯ ಒಂದು ಸಣ್ಣ ಗಾಲೆ, ಒಂದೇ ಕೋಣೆಯ ಕಾರ್ಯಾಗಾರ. ಗಾಜು ಕತ್ತರಿಸುತ್ತಿದ್ದ ವಿಜಯಪುರದ ಶರೀಫ ಫೋಟೊ ನೋಡಿದ ಕೂಡಲೇ ತಲೆಯಾಡಿಸಿದ.

"ನೆನಪದರೀ ಮೇಡಂ. ನಮ್ಮ ಗಿರಾಕಿ ಒಬ್ರ ಟ್ಯಾಂಕಿನಾಗಿತ್ತು. ಟ್ಯಾಂಕ್ ಸಣ್ಣದಾತು, ಅದು ದಿನಾ ಗಾಜಿಗೆ ಮೂತಿ ತಿಕ್ಕತಿತ್ತು. ನಾ ಹೇಳ್ದೆ, ದೊಡ್ಡದು ಮಾಡಸ್ರೀ ಅಂತ. ಕೇಳ್ಲಿಲ್ಲ. ಸತ್ತೋತು."

"ಸತ್ತ ಮೀನು ಎಲ್ಲಿ ಹೋಯಿತು?"

"ಒಬ್ರು ಸಾಹೇಬ್ರು ನನ್ ಕಡೆ ಬರ್ತಿದ್ರು, ಮೀನಿನ ಬಗ್ಗೆ ಓದಿದವ್ರು. ಅಭ್ಯಾಸಕ್ಕ ಬೇಕು ಅಂತ ಐಸಿನಾಗ ಹಾಕ್ಕೊಂಡು ಒಯ್ದ್ರು."

ರಂಜನಾ ಸುಹಾಸನ ಫೋಟೊ ತೋರಿಸಿದಳು.

"ಇವರ ನೋಡ್ರಿ."

*

ಸಂಜೆ ಕೇಂದ್ರದಲ್ಲಿ ಸುಹಾಸ ಒಬ್ಬನೇ ಇದ್ದ. ರಂಜನಾ ಕೊರಗನ ಮೊಬೈಲನ್ನು ಅವನ ಮೇಜಿನ ಮೇಲಿಟ್ಟಳು.

"ಕದಿಯುವವನು ಮೀನು ತೆಗೆದುಕೊಂಡು ಹೋಗುತ್ತಾನೆ. ಇಲ್ಲಿ ಕಳ್ಳ ಇನ್ನೊಂದು ಮೀನು ತಂದು ಇಟ್ಟಿದ್ದಾನೆ. ಅದೂ ನಮ್ಮ ಕಡಲಿನದು, ಅದೇ ಆಕಾರದ್ದು. ಅಷ್ಟು ಆರಿಸಿ ತರಲು ಓದಿರಬೇಕು. ಮೋಹಿನಿಗೆ ಮೀನು ಉಳಿಯಬೇಕಿತ್ತು. ಕೊರಗ ತಾನೇ ಬದಲಿಸಿ ತಾನೇ ದೂರು ಕೊಡುವುದಿಲ್ಲ. ಉಳಿದದ್ದು ನಿಮ್ಮ ಕೀಲಿ."

ಸುಹಾಸ ಮೊಬೈಲಿನಲ್ಲಿದ್ದ ಫೋಟೊ ನೋಡಿದ.

"ಇಪ್ಪತ್ತು ವರ್ಷದ ಕೆಲಸದಲ್ಲಿ ತನ್ನ ತಪ್ಪನ್ನು ಇಷ್ಟು ಬೇಗ ಒಪ್ಪಿಕೊಂಡವರನ್ನು ನಾನು ಕಂಡಿಲ್ಲ. ಬೆಳಿಗ್ಗೆ ನಾನು ಕೇಳುವ ಮೊದಲೇ ನೀವು ಒಪ್ಪಿಕೊಂಡಿರಿ. ಹೊಟ್ಟೆ ಬಿಚ್ಚಿದರೆ ಟ್ಯಾಂಕಿನ ಆಹಾರ ಸಿಗುತ್ತಿತ್ತು, ಮೋಸ ಎಂದಾಗುತ್ತಿತ್ತು. ಮೀನು ಬದಲಾದರೆ ಬರೀ ತಪ್ಪು. ತಪ್ಪಿಗೆ ಕ್ಷಮೆ ಇದೆ."

ಅವನು ಬೀರುವಿನ ಹಿಂದಿನಿಂದ ಪ್ಲಾಸ್ಟಿಕ್ ಡಬ್ಬಿ ತೆಗೆದು ಮುಂದಿಟ್ಟ. ಒಳಗೆ ಕಂದು ಬಣ್ಣಕ್ಕೆ ತಿರುಗಿದ ಮೀನು. ಕಣ್ಣು ಬೆಳ್ಳಗೆ.

"ಎಸೆಯಲು ಹೋದೆ. ಕೈ ಬರಲಿಲ್ಲ," ಎಂದ. "ನೀರು ಬಿಸಿಯಾಗುತ್ತಿದೆ. ಬೊಂಬಿಲ್ ಜಾಗ ಬಿಡುತ್ತಿದೆ. ಹೊರಗಿನ ಮೀನು ಇಂದಲ್ಲ ನಾಳೆ ಬಂದೇ ಬರುತ್ತದೆ ಎಂದು ಹತ್ತು ವರ್ಷದಿಂದ ಹೇಳುತ್ತಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದಕ್ಕೇ ಅದು ಬರುವುದಕ್ಕೆ ಸ್ವಲ್ಪ ಮುಂಚೆ ನಾನೇ ತಂದೆ. ಕಾರ್ಖಾನೆಯವರು ಅದನ್ನು ಹೀಗೆ ಬಳಸುತ್ತಾರೆ ಎಂದು ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ಇನ್ನು ನಿಜವಾಗಿಯೂ ಬಂದರೆ ನಂಬುವವರು ಯಾರು?"

"ಕೊರಗನನ್ನು ಕರೆದುಕೊಂಡು ಹೋದಾಗ?"

"ಕಿಟಕಿಯಿಂದ ನೋಡಿದೆ. ಜೀಪು ತಿರುಗುವವರೆಗೆ."

*

ಆ ಸಂಜೆಯೇ ರಂಜನಾ ಕೊರಗನನ್ನು ತಾನೇ ಭಾಂಡುಪಿಗೆ ಬಿಟ್ಟು ಬಂದಳು. ಚಾಳಿನ ಅಂಗಳದಲ್ಲಿ ಎಲ್ಲರಿಗೂ ಕೇಳುವಂತೆ, "ಕೊರಗಣ್ಣ, ತಪ್ಪು ನನ್ನದು," ಎಂದಳು. ಅವನ ಹೆಂಡತಿ ಒಳಗೆ ಕರೆಯಲಿಲ್ಲ. ಪಾತ್ರೆಗಳನ್ನು ಜೋಡಿಸುತ್ತಲೇ ಇದ್ದಳು.

ಮರುದಿನ ಸಮಿತಿಯ ಮುಂದೆ ಸುಹಾಸ ಎಲ್ಲವನ್ನೂ ಹೇಳಿದ. ವರ್ಸೋವಾದವರ ದೂರನ್ನು ಮತ್ತೆ ತೆರೆಯುವುದೆಂದು ತೀರ್ಮಾನವಾಯಿತು. ಪೊಲೀಸರು ಅವನನ್ನು ಹೊರಗೆ ಕರೆತರುವಾಗ ಪಡಸಾಲೆಯಲ್ಲಿ ಮೋಹಿನಿ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡು ಅವನು ತಲೆ ತಗ್ಗಿಸಿದ.

"ಸರ್, ನಿಮ್ಮ ವರದಿ ಬಂದ ಮೇಲೆ ಗುರುತಿಲ್ಲದ ಮೀನು ಬಲೆಗೆ ಬಿದ್ದರೆ ನಮ್ಮವರು ವಾಪಸ್ ನೀರಿಗೆ ಬಿಡ್ತಿರಲಿಲ್ಲ," ಎಂದಳು. "ಮರಿಯಾದರೂ ಸರಿ, ದೋಣಿಯಲ್ಲೇ ಬಡಿದು ಕೊಲ್ತಿದ್ರು. ಮೂರು ವರ್ಷ. ಅವೆಲ್ಲ ಯಾವ ಕಡಲಿನವು ಸರ್?"

ಸುಹಾಸ ತಲೆ ಎತ್ತಿದ. ಅವನಿಗೆ ಉತ್ತರ ಗೊತ್ತಿತ್ತು.

"ನಮ್ಮವೇ," ಎಂದ.