ಪಿಟೀಲಿನವರಿಗೆ ಕೇಳಿಸಿದ್ದು

ಅರವತ್ತೊಂದರ ಬೇಸಿಗೆಯಲ್ಲಿ ಮಧುಗಿರಿಯ ಸಂಗೀತ ಸ್ಪರ್ಧೆಗೆ ಹೋಗಿದ್ದೆ. ಬಹುಮಾನ ಬಂದರೆ ಪಾಠ ಮುಂದುವರಿಸು, ಇಲ್ಲದಿದ್ದರೆ ಮದುವೆ ಎಂದು ಅಪ್ಪ ಹೇಳಿಬಿಟ್ಟಿದ್ದರು. ಉರಿಬಿಸಿಲಿನ ನಡುಹಗಲು, ವೇದಿಕೆಯ ಮೇಲೆ ನನ್ನ ಎಡತೋಳು ಮಾತ್ರ ತಣ್ಣಗಿತ್ತು. ನಾನು ಹೂ ಮುಡಿದಿರಲಿಲ್ಲ, ಆದರೂ ಹತ್ತಿರದಲ್ಲೇ ಮರುಗದ ವಾಸನೆ.

ನಾನು ಸ್ವರ ಹಾಡಿ ನಿಲ್ಲಿಸಿದಾಗ ಪಿಟೀಲಿನ ಗಂಗಾಧರಯ್ಯನವರು ಅದನ್ನೇ ನುಡಿಸಬೇಕು. ಅವರು ಕಣ್ಣು ಮುಚ್ಚಿಕೊಂಡು, ನಾನು ಹಾಡದ ಸ್ವರಗಳನ್ನೇ ನುಡಿಸುತ್ತ ಹೋದರು. ನನ್ನ ತಾಳ ತಪ್ಪಿತು. ಬಹುಮಾನ ಕೊರಟಗೆರೆಯ ಹುಡುಗನ ಪಾಲಾಯಿತು.

"ಹಿಂಗ್ಯಾಕೆ ಮಾಡ್ಬುಟ್ರಿ ಮೇಷ್ಟ್ರೇ?" ಎಂದು ಅಳುತ್ತಲೇ ಕೇಳಿದೆ.

ಅವರೂ ರೇಗಿದರು. "ನಾನೇನ್ ಮಾಡ್ಲಿ ಕಣಮ್ಮ? ನೀನು ನಿಲ್ಸಿದ್ರೂ ನಿನ್ನ ಪಕ್ಕದೋಳು ನಿಲ್ಲಿಸ್ಲಿಲ್ವಲ್ಲ! ನಿನಗಿಂತ ಚೆನ್ನಾಗೇ ಹಾಡಿದ್ಲು ಬುಡು."

ಹಾಡಲು ಕೂತಿದ್ದವಳು ನಾನೊಬ್ಬಳೇ. ಶ್ರಾವಣದಲ್ಲಿ ನನ್ನ ಮದುವೆಯಾಯಿತು.