ಪ್ಲೇಟಿನ ಗಂಟೆ

"ಟಣ್! ಟಣ್! ಟಣ್!"

ಅಮರಿ ಇನ್ನೊಂದು ಏಟು ಹಾಕುವಷ್ಟರಲ್ಲಿ ಶಾಲೆಗೆ ಶಾಲೆಯೇ ಅಂಗಳಕ್ಕೆ ಬಂದು ಬಿದ್ದಿತ್ತು.

"ಸಾಕವ್ವಾ ಸಾಕು! ಮಾನ್ವಿ ಊರಿಗೆಲ್ಲ ಸೂಟಿ ಕೊಡ್ತಿ ಏನು?" ವಿರೂಪಣ್ಣ ಮಾಸ್ತರು ಕಿವಿ ಮುಚ್ಚಿಕೊಂಡು ನಕ್ಕರು.

ಬೇವಿನ ಮರಕ್ಕೆ ತೂಗುಬಿಟ್ಟಿದ್ದ ಆ ಗಂಟೆ ನಿಜವಾಗಿ ಗಂಟೆಯೇ ಅಲ್ಲ. ಶಾಲೆಯ ಹಳೇ ಗಂಟೆಯನ್ನು ಯಾವನೋ ಪುಣ್ಯಾತ್ಮ ಕದ್ದೊಯ್ದಿದ್ದ. ಆಗ ಐದನೇ ಕ್ಲಾಸಿನ ಅಮರಿ ಮನೆಯಿಂದ ಒಂದು ದುಂಡನೆಯ ಕಬ್ಬಿಣದ ಪ್ಲೇಟು ಹೊತ್ತು ತಂದಳು. ಅದರ ತುಂಬ ತೂತುಗಳು. ಒಂದು ತೂತಿಗೆ ಹಗ್ಗ ಪೋಣಿಸಿದ್ದೇ ತಡ, ಗಂಟೆ ತಯಾರು!

"ತಂದಾಕೀನೇ ಬಾರಿಸ್ಲಿ" ಎಂದು ಮಾಸ್ತರು ಹೇಳಿದ ಮೇಲೆ ಅಮರಿಯನ್ನು ಹಿಡಿಯುವವರೇ ಇಲ್ಲ. ಮೂರರ ಮಗ್ಗಿಯಲ್ಲೇ ಎಡವುವ ಹುಡುಗಿ ಈಗ ಟೈಮ್ ನೋಡುವುದರಲ್ಲಿ ಎಲ್ಲರಿಗಿಂತ ಮುಂದೆ.

ಅಪ್ಪನನ್ನು ಕೇಳಿ ತಂದಿದ್ದಳೇ? ಅದೊಂದನ್ನು ಬಿಟ್ಟು ಬೇರೆ ಏನಾದರೂ ಕೇಳಿ! ಅಪ್ಪ ಗದ್ದೆಪ್ಪ ಮನೆ ಮುಂದೆ ಇಟ್ಟಿದ್ದ ಲೇತ್ ಅಂಗಡಿಯಲ್ಲಿ ಅಂಥ ಪ್ಲೇಟು ಎರಡಿದ್ದವು. ಲೇತ್ ಅಂದರೆ ಕಟ್ಟಿಗೆಯನ್ನು ಗರಗರ ತಿರುಗಿಸುವ ಯಂತ್ರ. ತಿರುಗುವ ಕಟ್ಟಿಗೆಗೆ ಅಪ್ಪ ಉಳಿ ಹಿಡಿದರೆ ದುಂಡನೆಯ ಬಟ್ಟಲು, ತಟ್ಟೆ ಎಲ್ಲ ತಯಾರಾಗುತ್ತಿದ್ದವು. ಆ ಕಟ್ಟಿಗೆಯನ್ನು ಯಂತ್ರಕ್ಕೆ ಬಿಗಿದು ಹಿಡಿಯುವುದೇ ಪ್ಲೇಟು. ಸಣ್ಣ ಪ್ಲೇಟಿಗೆ ದಿನಾ ಕೆಲಸ. ದೊಡ್ಡದು ಮಾತ್ರ ಮೂಲೆಯಲ್ಲಿ ಧೂಳು ತಿನ್ನುತ್ತ ಬಿದ್ದಿರುತ್ತಿತ್ತು. ಬೇಡಾದ ಸಾಮಾನು ಎಂದುಕೊಂಡಿದ್ದಳು ಅಮರಿ.

ಅವತ್ತು ಶಾಲೆ ಬಿಡುವ ಗಂಟೆ ಬಾರಿಸಿ ಸಂಜೆ ಮನೆಗೆ ಬಂದರೆ ಅಂಗಡಿಯೆಲ್ಲ ಅಡಿಮೇಲಾಗಿತ್ತು.

"ಯವ್ವಾ, ದೊಡ್ಡ ಪ್ಲೇಟು ನೋಡೀದಿ ಏನು?" ಅಪ್ಪ ಕೇಳಿದ.

ಬಾಗಿಲಲ್ಲಿ ದಾವಲ್ ಬೀ ಕೂತಿದ್ದಳು. ಮದುವೆ ಮನೆಗಳಲ್ಲಿ ಅಡುಗೆ ಮಾಡುವ ಅವಳಿಗೆ ಹಿಟ್ಟು ನಾದಲು ಕಟ್ಟಿಗೆಯ ಅಗಲ ಪರಾತ ಬೇಕಿತ್ತು.

"ನಾಳಿ ಮದುವಿ ಅದ ಗದ್ದೆಪ್ಪಾ. ಹಿಟ್ಟು ಏನು ನಿನ್ನ ತಲಿ ಮ್ಯಾಲ ನಾದ್ಲೇನು?"

ಅಮರಿಗೆ ಬೇವಿನ ಮರ ನೆನಪಾಯಿತು. ಹೇಳಿದರೆ ಗಂಟೆ ಕೈಬಿಟ್ಟು ಹೋಗುತ್ತದೆ!

"ನನಗೇನು ಗೊತ್ತು?" ಎಂದುಬಿಟ್ಟಳು.

ಅಪ್ಪ ಸಣ್ಣ ಪ್ಲೇಟನ್ನೇ ತೆಗೆದುಕೊಂಡ. ಅಗಲವಾದ ಕಟ್ಟಿಗೆಯ ಬೆನ್ನಿಗೆ ಅದನ್ನಿಟ್ಟು, ತೂತುಗಳಲ್ಲಿ ಸ್ಕ್ರೂ ಬಿಗಿದು, ಲೇತಿಗೆ ಕೂರಿಸಿದ.

"ಇಷ್ಟು ಅಗಲ ಕಟ್ಟಿಗಿ ಈ ಪ್ಲೇಟು ತಾಳ್ತದೋ ಇಲ್ಲೋ. ಎಲ್ರೂ ದೂರ ಸರೀರಿ" ಎಂದ.

ಮೋಟಾರು ಗುರ್ ಎಂದಿತು. ಕಟ್ಟಿಗೆ ತಿರುಗಿತು, ಗಡಗಡ ನಡುಗಿತು. ಅಪ್ಪ ಉಳಿ ತಾಗಿಸಿದ್ದೇ ತಡ, ಫಟ್! ಕಟ್ಟಿಗೆ ಕಿತ್ತುಕೊಂಡು, ಅಪ್ಪನ ಕಿವಿಯ ಪಕ್ಕದಲ್ಲೇ ಹಾರಿ, ರಸ್ತೆಗೆ ಬಿದ್ದು ಉರುಳುತ್ತ ಹೊರಟಿತು. ಕೋಳಿಗಳು ದಿಕ್ಕಾಪಾಲಾದವು. ನಾಯಿಗಳು ಬೆನ್ನಟ್ಟಿದವು.

"ಯಾ ಅಲ್ಲಾ! ನನ್ನ ಪರಾತ ನನ್ನ ಬಿಟ್ಟು ಮದುವಿಗಿ ಹೊಂಟದ, ಹಿಡೀರ್ಯೋ!" ದಾವಲ್ ಬೀ ಕೂಗಿದಳು. ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು.

ಅಮರಿಗೆ ನಗು ಬರಲಿಲ್ಲ. ಅಪ್ಪ ಕಿವಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಇನ್ನೊಂದು ಗೇಣು ಈಚೆ ಬಂದಿದ್ದರೆ? ತಿರುಗಿ ಶಾಲೆಗೆ ಓಡಿದಳು. ಮರ ಹತ್ತಿ ಗಂಟು ಬಿಚ್ಚಿ, ಪ್ಲೇಟನ್ನು ಎದೆಗೆ ಅವಚಿಕೊಂಡು ತಂದಳು.

"ಯಪ್ಪಾ, ನಾನೇ ಒಯ್ದಿದ್ದೆ. ಸಾಲ್ಯಾಗ ಗಂಟಿ ಇರ್ಲಿಲ್ಲ... ನಾನೇ ಬಾರಸ್ತಿದ್ದೆ." ಅಳು ಒತ್ತರಿಸಿ ಬಂತು.

ಅಪ್ಪ ಅದನ್ನು ಕೈಗೆ ತೆಗೆದುಕೊಂಡ. ಪ್ಲೇಟಿನ ಮೇಲೆ ಅಂಗೈ ಆಡಿಸಿದ. ಅದನ್ನು ಸಪಾಟು ಕಲ್ಲಿನ ಮೇಲೆ ಬೋರಲಾಗಿಟ್ಟು ಒತ್ತಿದ. ಅದು ಟಕ್ ಟಕ್ ಎಂದು ಅಲುಗಾಡಿತು.

"ಏನ್ ಕೈ ಅದವ್ವಾ ನಿಂದು! ಬಡದು ಬಡದು ಇದರ ಮಾರಿ ಎಬ್ಬಿಸೀದಿ. ಮಾರಿ ಸಪಾಟ ಇದ್ರೇ ಕಟ್ಟಿಗಿ ಇದಕ್ಕ ಗಟ್ಟಿ ಕೂಡ್ತದ."

"ಸಿಟ್ಟು ಬಂದದೇನಪ್ಪಾ?"

"ಬಂದದ. ಮೊದ್ಲು ಈ ಅರ ಹಿಡಿ. ಸಿಟ್ಟು ಆಮ್ಯಾಲ ಮಾಡ್ತೀನಿ."

ಇಬ್ಬರೂ ಕೂತು, ಉಬ್ಬಿದ ಕಡೆಯೆಲ್ಲ ಅರದಿಂದ ತಿಕ್ಕಿ ಸಪಾಟು ಮಾಡಿದರು. ಅಮರಿಯ ಅಂಗೈಯಲ್ಲಿ ಬೊಬ್ಬೆ ಎದ್ದವು. ಅಪ್ಪ ಸಿಟ್ಟು ಮಾಡುವುದನ್ನು ಮರೆತೇಬಿಟ್ಟ.

ದಾವಲ್ ಬೀ ಹಿಡಿದು ತಂದಿದ್ದ ಕಟ್ಟಿಗೆಗೆ ಈಗ ದೊಡ್ಡ ಪ್ಲೇಟು ಬಿಗಿದರು. ಮೋಟಾರು ಶುರುವಾಯಿತು. ಅಮರಿ ಕಟ್ಟಿಗೆಯನ್ನು ನೋಡಲೇ ಇಲ್ಲ, ಅಪ್ಪನ ಕಿವಿಯನ್ನೇ ನೋಡುತ್ತ ನಿಂತಳು. ಕಟ್ಟಿಗೆ ಅಲುಗಲಿಲ್ಲ, ನಡುಗಲಿಲ್ಲ. ಹಪ್ಪಳದಂಥ ಹೊಟ್ಟು ಹಾರಿ ಹಾರಿ ಅಪ್ಪನ ತಲೆ ತುಂಬಿತು. ಕತ್ತಲಾಗುವುದರೊಳಗೆ ದಾವಲ್ ಬೀ ಪರಾತವನ್ನು ತಲೆ ಮೇಲೆ ಹೊತ್ತು ಹೊರಟಳು.

ಮರುದಿನ ಶಾಲೆ ಬಿಡುವಾಗ ಮಾಸ್ತರು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನವರಿಗೆ ಕೇಳಿಸಲೇ ಇಲ್ಲ.

"ಅಮರೀ, ನಮ್ಮ ಗಂಟಿ ಎಲ್ಲೇ?" ಹುಡುಗರೆಲ್ಲ ಮುತ್ತಿಕೊಂಡರು.

ಅಮರಿ ಬೇವಿನ ಮರದ ಬರೀ ಹಗ್ಗವನ್ನು ನೋಡಿದಳು. ಒಂದು ಗಳಿಗೆ ಕೈ ತುರಿಸಿತು.

"ಅದು ಕೆಲಸಕ್ಕ ಹೋಗ್ಯದ" ಎಂದಳು.